ಊರುಗೋಲು ಕೂತು ಹೋದ ಸೀಟು

ಊರುಗೋಲನ್ನು ಬಸ್ಸಿನ ಕಿಟಕಿಯೊಳಗೆ ತೂರಿಸಿದವನು ನಾನು. ಹಾಗೆಂದು ನನ್ನ ನೆನಪು. ತಾವೇ ತೂರಿಸಿದ್ದೆಂದು ಚಿಕ್ಕಪ್ಪ ಇವತ್ತಿಗೂ ವಾದಿಸುತ್ತಾರೆ. ನನ್ನ ತಪ್ಪನ್ನು ಅವರು ತಮ್ಮ ಮೇಲೆ ಹಾಕಿಕೊಳ್ಳುತ್ತಿದ್ದಾರೋ, ಇಲ್ಲ ನಾನೇ ನೆನಪಿನಲ್ಲಿ ದೊಡ್ಡವನಾಗುತ್ತಿದ್ದೇನೋ ತಿಳಿಯದು. ಆಕರಗಳನ್ನು ಅನುಮಾನಿಸುವುದನ್ನು ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಆಕರ ನಾನೇ ಆದಾಗ ಏನು ಮಾಡಬೇಕೆಂದು ಕಲಿಸಲಿಲ್ಲ.

ಉಳಿದದ್ದರಲ್ಲಿ ನಮಗೆ ಜಗಳವಿಲ್ಲ. ಪೋಲಿಯೊದಿಂದ ಚಿಕ್ಕಪ್ಪನ ಬಲಗಾಲು ಚಿಕ್ಕಂದಿನಲ್ಲೇ ಸೊರಗಿತ್ತು. ರೇಷ್ಮೆಗೂಡಿನ ಮಾರುಕಟ್ಟೆಗೆ ಓಡಾಡುವ ಅವರಿಗೆ ಅಂಗವಿಕಲರ ಬಸ್ ಪಾಸು ಬೇಕೇಬೇಕಿತ್ತು. ಅದಕ್ಕೆ ರಾಮನಗರದ ಶಿಬಿರಕ್ಕೆ ಮಧ್ಯಾಹ್ನ ಒಂದು ಗಂಟೆಯೊಳಗೆ ಖುದ್ದಾಗಿ ಬರಬೇಕು. ಬಸ್ಸು ಹತ್ತಲು ಕಷ್ಟವಿರುವವರು ಬಸ್ಸು ಹತ್ತಿ ಬಂದು ಆ ಕಷ್ಟವನ್ನು ತೋರಿಸಬೇಕು. ತಪ್ಪಿದರೆ ಮುಂದಿನ ವರ್ಷ.

ಆ ಬೆಳಿಗ್ಗೆ ಮಾಗಡಿಯಲ್ಲಿ ರಾಮನಗರದ ಬಸ್ಸು ನಿಲ್ಲುವ ಮೊದಲೇ ಕಿಟಕಿಗಳೊಳಗೆ ಟವೆಲ್ಲು, ಕರ್ಚೀಫು, ಚೀಲಗಳು ಬಿದ್ದವು. ಟವೆಲ್ ಬಿದ್ದ ಸೀಟಿನಲ್ಲಿ ಬೇರೆಯವರು ಕೂರುವಂತಿಲ್ಲ. ಎಲ್ಲೂ ಬರೆಯದೆ ಎಲ್ಲರೂ ಪಾಲಿಸುವ ಕಾನೂನು ನಮ್ಮಲ್ಲಿ ಅದೊಂದೇ. ನಮ್ಮ ಬಳಿ ಟವೆಲ್ ಇರಲಿಲ್ಲ. ಊರುಗೋಲು ಒಳಗೆ ಹೋಯಿತು. ಬಾಗಿಲಲ್ಲಿ ನೂಕುನುಗ್ಗಲು. ಮೆಟ್ಟಿಲು ಚಿಕ್ಕಪ್ಪನ ಮೊಣಕಾಲಿನಷ್ಟು ಎತ್ತರ. ನಾನು ಅವರ ಸೊಂಟಕ್ಕೆ ಕೈಹಾಕಿದೆ.

"ರಾಗಿ ಮೂಟೆ ಎತ್ತಿದಂಗೆ ಎತ್ಬ್ಯಾಡ ಕಣ್ಲಾ. ನಾನೇ ಹತ್ತೀನಿ, ಒಸಿ ತಡಿ."

ನಾನು ತಡೆದೆ. ಬಸ್ಸು ತಡೆಯದೆ ಹೊರಟುಹೋಯಿತು.

"ಸೀಟಂತೂ ಸಿಕ್ತು ಬುಡು" ಎಂದರು ಚಿಕ್ಕಪ್ಪ.

ಮುಂದಿನ ಬಸ್ಸಿನ ಡ್ರೈವರು ಕಥೆ ಕೇಳಿ ನಕ್ಕು, ಬಸ್ಸನ್ನು ಹಿಂದೆ ತೆಗೆದು, ಬಾಗಿಲನ್ನು ನಿಲ್ದಾಣದ ಕಟ್ಟೆಗೆ ತಾಗುವಂತೆ ನಿಲ್ಲಿಸಿದ. ಚಿಕ್ಕಪ್ಪ ನನ್ನ ಭುಜ ಹಿಡಿದು ಕಟ್ಟೆಯಿಂದ ನೇರ ಒಳಗೆ ಕಾಲಿಟ್ಟರು. ಅರ್ಧ ನಿಮಿಷದ ಕೆಲಸ. ಈ ವಿಷಯದ ಮೇಲೆ ನಾನು ಓದಿದ್ದ ವರದಿಗಳೆಲ್ಲ ದಪ್ಪಗಿದ್ದವು.

ಶಿಬಿರ ಮುಟ್ಟಿದಾಗ ಹನ್ನೆರಡೂವರೆ. ಗುಮಾಸ್ತರು ಚಿಕ್ಕಪ್ಪನನ್ನು ಮೇಲಿಂದ ಕೆಳಗೆ ನೋಡಿದರು.

"ಅರ್ಜೀಲಿ ಊರುಗೋಲು ಅಂತ ಬರ್ದಿದೀರ. ಎಲ್ಲಿ?"

"ನಮ್ಗಿಂತ ಮುಂಚೇನೇ ಬಂದೈತೆ ಸ್ವಾಮಿ."

"ಹಂಗಾದ್ರೆ ಕರ್ಕೊಂಡ್ ಬನ್ನಿ. ಒಂದು ಗಂಟೆಗೆ ಬಾಗಿಲು ಹಾಕ್ತೀವಿ."

ನಾನು ನಿಲ್ದಾಣಕ್ಕೆ ಓಡಿದೆ. ಮೊದಲ ಬಸ್ಸಿನ ಕಂಡಕ್ಟರು ಟೀ ಕುಡಿಯುತ್ತಿದ್ದ. ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಊರುಗೋಲು ಒರಗಿತ್ತು.

"ಅಷ್ಟು ಜನ ನಿಂತ್ಕೊಂಡೇ ಬಂದ್ರು ಸಾ, ಒಬ್ರೂ ಆ ಸೀಟ್ ಮುಟ್ಲಿಲ್ಲ" ಎಂದ. "ಕಾಲಿಲ್ದೋರ್ದು, ಪಾಪ, ಕೂರೋಕೆ ಬತ್ತಾರೆ ಅಂತ."

"ಅವರು ಹತ್ತಿದ್ರಾ ಅಂತ ಯಾರೂ ನೋಡ್ಲಿಲ್ವಾ?"

"ರಶ್ ಇತ್ತಲ್ಲ ಸಾ."

ಊರುಗೋಲು ತೋರಿಸಿದ ಮೇಲೆ ಸೀಲು ಬಿತ್ತು. ಕಂಡಕ್ಟರು ಹೇಳಿದ್ದನ್ನು ಚಿಕ್ಕಪ್ಪನಿಗೆ ಹೇಳಿದೆ. ಅವರು ಪಾಸಿನ ಮೇಲಿದ್ದ ತಮ್ಮ ಫೋಟೊವನ್ನೇ ನೋಡುತ್ತ, "ಹಂಗಾರೆ ಕೋಲಿನ ಫೋಟೊ ಅಂಟಿಸ್ಬೇಕಾಗಿತ್ತು" ಎಂದರು.

ವಾಪಸು ಹೊರಟ ಬಸ್ಸಿನ ಮೆಟ್ಟಿಲೂ ಬೆಳಗಿನಷ್ಟೇ ಎತ್ತರವಿತ್ತು. ಚಿಕ್ಕಪ್ಪ ಊರುಗೋಲನ್ನು ಬಿಗಿಯಾಗಿ ಹಿಡಿದುಕೊಂಡು ಪಾಸನ್ನು ನನ್ನ ಕೈಗಿಟ್ಟರು.

"ತಗಾ, ಈಗ ಇದ್ನ ಕಿಟಕೀಲಿ ಹಾಕು."

ನಾನು ಹಾಕಲಿಲ್ಲ. ಆ ಬಸ್ಸನ್ನು ಬಿಟ್ಟು, ಎದುರಿನ ಅಂಗಡಿಯಲ್ಲಿ ಟವೆಲ್ ಕೊಂಡು ತಂದೆ. ಇದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಟವೆಲ್ ಇನ್ನೂ ಮನೆಯಲ್ಲಿದೆ.