ಗಾಯರಾಣದ ಬಾಡಿಗೆ

ಹುಬ್ಬಳ್ಳಿಗೆ ಸಮೀಪದ ನಮ್ಮೂರಿನಲ್ಲಿ ದನ ಮೇಯುವ ಗಾಯರಾಣದ ಮೇಲೆ ವಿದ್ಯುತ್ ಉತ್ಪಾದಿಸುವ ಗಾಳಿಯಂತ್ರಗಳು ಎದ್ದವು. ಅವುಗಳನ್ನು ಹೊತ್ತು ತಂದ ಲಾರಿಗಳಡಿ ಕುಡಿಯುವ ನೀರಿನ ಪೈಪು ಒಡೆಯಿತು. ನೆಲದ ಬಾಡಿಗೆ ಮಾತ್ರ ನೇರವಾಗಿ ಸರ್ಕಾರದ ಖಜಾನೆ ಸೇರುತ್ತಿತ್ತು. ಅದರಲ್ಲಿ ಪಂಚಾಯಿತಿಗೂ ಪಾಲು ದೊರೆತರೆ ಹೊಸ ಪೈಪು ಹಾಕಿಸಬಹುದಿತ್ತು. ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳನ್ನು ಗೆದ್ದಿದ್ದ ನಾನು ಪಂಚಾಯಿತಿಯ ಪರವಾಗಿ ಆ ಬೇಡಿಕೆಯ ಠರಾವನ್ನು ಬರೆದು, ಪಂಚಾಯಿತಿ ಅಧ್ಯಕ್ಷೆಯೊಂದಿಗೆ ಜಿಲ್ಲಾ ಕಚೇರಿಗೆ ಹೋದೆ.

ಅಧಿಕಾರಿ ನನ್ನ ವಾದವನ್ನು ಕೊನೆಯವರೆಗೂ ಕೇಳಿ, ಕಡತದಿಂದ ನಮ್ಮ ಪಂಚಾಯಿತಿಯದೇ ಹಳೆಯ ಠರಾವೊಂದನ್ನು ತೆಗೆದರು. ಯಂತ್ರಗಳಿಗೆ ಊರಿನ ತಕರಾರಿಲ್ಲ, ಬಾಡಿಗೆಯಲ್ಲಿ ಪಾಲೂ ಬೇಡ ಎಂದು ಅದರಲ್ಲಿತ್ತು.

"ಅಕ್ಕಾರ, ಈ ಸಹಿ ನಿಮ್ಮದ ಹೌದಲ್ರಿ?"

"ಸಹಿ ನಂದರಿ ಸಾಹೇಬ್ರ, ಮಾತು ನಂದಲ್ಲ. ನಮ್ಮಲ್ಲಿ ಮೊದಲ ಸಹಿ ಹಾಕ್ತೀವಿ, ಚಾ ಕುಡೀತೀವಿ. ಠರಾವು ಆಮ್ಯಾಲ ಬರೀತಾರ."

"ಹಂಗಾರ ಇವತ್ತ ತಂದದ್ದೂ ಚಾ ಕುಡದ ಮ್ಯಾಲ ಬರದದ್ದೇನ್ರಿ?" ಅಧಿಕಾರಿ ನಗುತ್ತ ನನ್ನತ್ತ ತಿರುಗಿದರು.

ಹಳೆಯ ಠರಾವು ಊರ್ಜಿತವಲ್ಲ ಎಂಬ ವಾದ ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ಬರೆಯುವವನು ನಾನಲ್ಲವೇ, ಊರಿಗೆ ಒಳ್ಳೆಯದನ್ನೇ ಬರೆಯುತ್ತೇನಲ್ಲವೇ ಎಂಬ ಭರವಸೆಯಲ್ಲಿ ನಾನೂ ಖಾಲಿ ಹಾಳೆಯ ಮೇಲೆಯೇ ಅಧ್ಯಕ್ಷೆಯ ಸಹಿ ಪಡೆದಿದ್ದೆ. ಅಧಿಕಾರಿ ಬೇಡಿಕೆಯನ್ನು ತಿರಸ್ಕರಿಸಿ ಕಡತ ಕಟ್ಟಿದರು.

ಹೊರಗೆ ಬಂದ ಮೇಲೆ ಅಧ್ಯಕ್ಷೆ ಮೆಲ್ಲಗೆ ಹೇಳಿದರು: "ನೀವರ ಸಹಿಗಿಂತ ಮೊದಲ ಬರದು ಓದಿ ಹೇಳಬೇಕಿತ್ತಲ್ರಿ, ಸರ."