ಮೊದಲು ಕಸಬರಿಗೆ

ಹೊಸಪೇಟೆಯ ಹೊರಗಿದ್ದ ನಮ್ಮ ವನಸ್ಪತಿ ತುಪ್ಪದ ಕಾರ್ಖಾನೆಯಲ್ಲಿ, ಎಣ್ಣೆಯನ್ನು ಗಟ್ಟಿ ಮಾಡಲೆಂದು, ಅಣೆಕಟ್ಟಿನ ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್ ಮಾಡುತ್ತಿದ್ದರು. ಅಲ್ಲಿ ಹಿರಿಯರೊಬ್ಬರು ಗ್ಯಾಸ್ ಆಪರೇಟರ್ ಆಗಿದ್ದರು. ಉದ್ದ ಕೋಲಿಗೆ ಕಟ್ಟಿದ ಕಸಬರಿಗೆಯನ್ನು ಮುಂದೆ ಚಾಚಿಕೊಂಡೇ ನಡೆಯುತ್ತಿದ್ದರು.

“ಮೊದಲ ಕಸಬರಿಗಿ, ಆಮ್ಯಾಲೆ ನಾವು,” ಎನ್ನುತ್ತಿದ್ದರು.

“ಮದುವಿ ಮೆರವಣಿಗ್ಯಾಗೂ ಹಿಂಗ ಹೋಗಿದ್ರೇನ್ರಿ?” ಎಂದು ಜೊತೆಯವರು ಕಾಡಿಸಿದರೆ ನಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕೊಳವೆಗಳ ಪಕ್ಕದಲ್ಲೇ ಲ್ಯಾಬಿಗೆ ಹೊರಟಿದ್ದೆ.

“ನಿಂದ್ರಿ ಸರ,” ಎಂದರು.

ನನ್ನ ಮುಂದೆ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಅವರು ಕಸಬರಿಗೆ ಚಾಚಿದರು. ನನ್ನ ಎದೆಯ ಮಟ್ಟದಲ್ಲಿ, ಬರಿಯ ಗಾಳಿಯಲ್ಲಿ, ಅದರ ತುದಿ ಹೊತ್ತಿಕೊಂಡಿತು. ಕೊಳವೆಯಿಂದ ಸೋರಿದ ಹೈಡ್ರೋಜನ್ ಅಲ್ಲಿ ಉರಿಯುತ್ತಿತ್ತು. ಆ ಉರಿ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಅವರು ವಾಲ್ವ್ ಮುಚ್ಚಿ, ಕಸಬರಿಗೆಯ ಬೆಂಕಿಯನ್ನು ನೆಲಕ್ಕೆ ಬಡಿದು ಆರಿಸಿ, ಮತ್ತೊಮ್ಮೆ ಅದನ್ನು ಅಲ್ಲಿ ಆಡಿಸಿ, “ಈಗ ಬರ್ರಿ,” ಎಂದರು.

ನಿವೃತ್ತರಾದ ಮೇಲೆ ಒಮ್ಮೆ ಮಲಪನಗುಡಿಯ ತಮ್ಮ ಮನೆಗೆ ಕರೆದೊಯ್ದರು. ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, ಮೂಲೆಯ ಕಸಬರಿಗೆ ತೆಗೆದುಕೊಂಡು, ಬಿಸಿಲು ಬಿದ್ದ ಪಡಸಾಲೆಯೊಳಗೆ ಚಾಚಿದರು.

“ನೌಕರಿ ಬಿಟ್ರೂ ಇದನ್ನ ಬಿಡವಲ್ರು. ನೀವು ಬರ್ರಿ ಒಳಗ,” ಎಂದು ಅವರ ಹೆಂಡತಿ ಕರೆದರು.

ಎತ್ತಿದ್ದ ಕಾಲನ್ನು ಹೊಸ್ತಿಲಿನ ಹೊರಗೇ ಇಟ್ಟೆ. ಕಸಬರಿಗೆ ಹಿಂದಕ್ಕೆ ಬರುವವರೆಗೆ ಅದರ ತುದಿಯನ್ನೇ ನೋಡುತ್ತ ನಿಂತೆ.