ನುಸಿಗೆ ಸೊಂಡಿಲು ಇರುತ್ತದೆ

ಮೊನ್ನೆ ಮೊಮ್ಮಗಳು ಅಕ್ಕಿ ಡಬ್ಬಿಯಲ್ಲಿ ಸಿಕ್ಕ ಹುಳವನ್ನು ಭೂತಗನ್ನಡಿಯಲ್ಲಿ ತೋರಿಸಿದಳು. ಅದರ ಸೊಂಡಿಲು ಕಂಡದ್ದೇ ತಡ, ಕೂತಲ್ಲಿಂದ ಎದ್ದೇಬಿಟ್ಟೆ! ಎಷ್ಟು ವರ್ಷದ ಮೇಲೆ ಭೇಟಿ! ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ, ಹೇಳದಿದ್ದರೆ ನನಗೆ ತಡೆಯದು.

ಆಗ ನಿಜಾಮರ ಕಾಲ. ನನ್ನ ತವರು ಅಳವಂಡಿ. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಕಾಳು ಹಸನು ಮಾಡುವಾಗ ಮೊರದಲ್ಲಿ ಹರಿದಾಡುವುದು ಏನೆಂದು ನಾನೇ ನೋಡಿ ಹೇಳಬೇಕು.

“ಹುಳ ಐತಿ ಅಂದ್ರ ಏನ ತಿಳೀಬೇಕವ್ವಾ? ಮೂತಿ ಹೆಂಗೈತಿ ಹೇಳು. ಬೆನ್ನ ಹೆಂಗೈತಿ? ಮುಟ್ಟಿದ್ರ ಏನ ಮಾಡ್ತೈತಿ?”

ಹೀಗೆ ಅಕ್ಷರಕ್ಕಿಂತ ಮೊದಲು ಹುಳಗಳ ಮೋರೆ ಓದಲು ಕಲಿತೆ. ಜೋಳದ ನುಸಿಗೆ ಆನೆಯಂಥ ಸೊಂಡಿಲು, ಅದರ ಬುಡದಲ್ಲಿ ಮೊಣಕೈಯಂತೆ ಮಡಚಿದ ಎರಡು ಮೀಸೆ, ಬೆನ್ನ ಮೇಲೆ ನಾಲ್ಕು ಮಾಸಲು ಕೆಂಪು ಚುಕ್ಕೆ. ಮುಟ್ಟಿದರೆ ಕಾಲು ಮಡಚಿ ಸತ್ತಂತೆ ಬೀಳುವ ಕಳ್ಳ! ಹತ್ತಿ ಎಲೆಯ ಮೇಲಿನ ಬೂದಿಬಣ್ಣದ ಹುಳವೂ ಅದರ ಬಳಗವೇ, ಆದರೆ ಮೂತಿ ಮೊಂಡು. ಹೆಸರುಕಾಳಿನದಕ್ಕೆ ಸೊಂಡಿಲೇ ಇಲ್ಲ. ರೆಕ್ಕೆ ಗಿಡ್ಡ, ಹಿಂಭಾಗ ಹೊರಗೆ. ಅದಕ್ಕೆ “ಅಂಗಿ ಸಾಲದ ಹುಳ” ಎಂದು ನಾನು ಹೆಸರಿಟ್ಟಾಗ ಅಜ್ಜಿ ಹೊಟ್ಟೆ ಹಿಡಿದು ನಕ್ಕಿದ್ದಳು.

ಮದುವೆಯಾಗಿ ಯಲಬುರ್ಗಾ ಕಡೆಯ ಹಳ್ಳಿಗೆ ಬಂದೆ. ಎರಡನೆಯ ವರ್ಷ ಅತ್ತೆ ಬೀಜದ ಜೋಳವನ್ನು ನಂಬಿ ನನ್ನ ಕೈಗೆ ಕೊಟ್ಟರು. ಬೂದಿ ಬೆರೆಸಿ ದೊಡ್ಡ ಗಡಿಗೆಗೆ ತುಂಬಿದೆ, ಬಾಯಿಗೆ ದಪ್ಪ ಬಟ್ಟೆ ಬಿಗಿದೆ. ಬಟ್ಟೆಯ ಮೇಲೆ ಜೋಳದ ಹಿಟ್ಟಿನಲ್ಲಿ ಲಕ್ಷ್ಮಿಯ ಮುಖ ಮಾಡಿ ಅಂಟಿಸುವುದು ಆ ಮನೆಯ ಪದ್ಧತಿ. ಅದನ್ನು ಮಾತ್ರ ಅತ್ತೆಯೇ ಮಾಡಿದರು.

ಹಿಂಗಾರಿ ಬಿತ್ತನೆಗೆ ಹೊಲ ಹದಕ್ಕೆ ಬಂದ ದಿನ ಗಡಿಗೆ ಹೊರತಂದರೆ ಬಾಯಿಯ ತುಂಬ ಕಂದು ಹುಳ!

“ಅಯ್ಯ ಶಿವನ! ಬೀಜಕ್ಕ ನುಸಿ ಹತ್ತೈತಿ!” ಅತ್ತೆ ಎದೆ ಬಡಿದುಕೊಂಡರು. “ಬೂದಿ ಹಾಕಿದ್ಯೋ, ಬರೇ ಕೈ ಆಡಿಸಿದ್ಯೋ? ನಿನ್ನ ಕೈಯಾಗ ಇನ್ನ ಮ್ಯಾಲೆ ಬೀಜ ಕೊಡಂಗಿಲ್ಲ ನಾ.”

“ಇದನ್ನ ಬೀಸಾಕ ಹಾಕ್ರಿ, ರೊಟ್ಟಿಗರ ಆದೀತು,” ಎಂದರು ಮಾವ. “ಇರಕಲ್ಲಗಡಕ್ಕ ಹೋಗಿ ಬ್ಯಾರೆ ಬೀಜ ತರ್ತೇನಿ. ಅಷ್ಟರಾಗ ಹದ ಆರಿ ಹೋಗ್ತೈತೋ ಏನೋ.”

ಅಳು ನುಂಗಿಕೊಂಡು ಒಂದು ಹುಳವನ್ನು ಅಂಗೈಗೆ ಹತ್ತಿಸಿಕೊಂಡು ಬಿಸಿಲಿಗೆ ಓಡಿದೆ. ಸೊಂಡಿಲು? ಇಲ್ಲ! ಚುಕ್ಕೆ? ಇಲ್ಲ! ಮೈ ಚಪ್ಪಟೆ, ಮೀಸೆ ನೆಟ್ಟಗೆ. ಬೆರಳು ತಗುಲಿಸಿದೆ, ಸತ್ತಂತೆ ಬೀಳಲಿಲ್ಲ, ಮೊಣಕೈವರೆಗೆ ಓಡಿತು. ನನ್ನ ಎದೆಯೂ ಅದರ ಜೊತೆ ಓಡಿತು!

“ಅತ್ಯಾರ, ಇದು ನುಸಿ ಅಲ್ರಿ! ಸೊಂಡ್ಲ ಇಲ್ರಿ ಇದಕ್ಕ! ಹಿಟ್ಟಿನ ಹುಳರಿ, ಇಡೀ ಕಾಳ ಕೊರ್ಯಾಕ ಇದಕ್ಕ ಬರಂಗಿಲ್ಲ!”

“ಸೊಸಿ ತಂದೇವೋ, ಹುಳದ ಜಾತಿ ಕೇಳಾಕಿನ್ನ ತಂದೇವೋ!”

“ತಡಿ,” ಎಂದರು ಮಾವ. “ಹಿಟ್ಟಿನ ಹುಳಕ್ಕ ಬೀಜದ ಗಡಿಗ್ಯಾಗ ಏನ ಕೆಲಸ ಐತವ್ವಾ?”

ಬಾಯಿಬಿಡಲು ಧೈರ್ಯ ಸಾಲದೆ ಲಕ್ಷ್ಮಿಯ ಮುಖದತ್ತ ಬೆರಳು ತೋರಿಸಿದೆ. ಮೂಗು, ಗಲ್ಲ, ಎಲ್ಲ ಕಡೆ ಸಣ್ಣ ತೂತು. ಹುಳಗಳು ಅಲ್ಲಿಂದಲೇ ಹೊರಡುತ್ತಿದ್ದವು!

ಮಾವ ಗಡಿಗೆಯ ಬಾಯಿಯ ಬಟ್ಟೆ ಬಿಚ್ಚಿದರು. ತಳದಿಂದ ಒಂದು ಹಿಡಿ ಕಾಳು ತೆಗೆದು ನೀರು ತುಂಬಿದ ಪರಾತಕ್ಕೆ ಸುರಿದರು. ನುಸಿ ತಿಂದದ್ದಾದರೆ ಟೊಳ್ಳು ಕಾಳು ತೇಲಬೇಕು. ಮೂವರೂ ಬಗ್ಗಿದೆವು, ಮಾವನ ಎದುರು ಸೆರಗು ಜಾರಿದ್ದೂ ನನಗೆ ಗೊತ್ತಾಗಲಿಲ್ಲ. ಬೂದಿ ಮೇಲೆ ತೇಲಿತು. ಕಾಳು ಒಂದೂ ಉಳಿಯದೆ ತಳ ಸೇರಿತು!

“ಬೂದಿನೂ ಬರೋಬ್ಬರಿ ಹಾಕ್ಯಾಳ ನೋಡು,” ಎಂದು ಮಾವ ಅತ್ತೆಯತ್ತ ನೋಡಿ ನಕ್ಕರು.

ಕೂರಿಗೆಯ ಹಿಂದೆ ನಡೆದು ಬೀಜ ಬಿಡುವುದು ಆ ಮನೆಯಲ್ಲಿ ಅತ್ತೆಯ ಹಕ್ಕು. ಅವರು ಕಾಳು ಹಸನು ಮಾಡಿಸಿದರು, ಎತ್ತು ಕಟ್ಟಿಸಿದರು, ಆಮೇಲೆ ನನ್ನ ಕಡೆ ತಿರುಗಿದರು.

“ನಿಂತ ಏನ ನೋಡ್ತಿ? ಉಡಿ ಕಟ್ಟು. ಇವತ್ತ ಬೀಜ ನೀನ ಬಿಡು.”

ಆ ದಿನ ಎರೆಹೊಲದಲ್ಲಿ ನಾನು ನಡೆದೆನೋ, ಹಾರಿದೆನೋ! ಹಸಿ ಮಣ್ಣು ಪಾದಕ್ಕೆ ಮೆತ್ತುತ್ತಿತ್ತು, ಮುಷ್ಟಿಯಿಂದ ಕಾಳು ಜಾರಿ ಸಾಲಿಗೆ ಬೀಳುತ್ತಿತ್ತು.